ರೆನೆಲ್ ದ್ವೀಪ: ಕಾಡಿನ ಒಡೆತನ ಮತ್ತು ಕಾಡಿನ ಕಾವಲು

ಸಭೆಯ ಹಿರಿಯರಿಗೂ ವಿದ್ಯಾರ್ಥಿ ಮಿತ್ರರಿಗೂ ನಮಸ್ಕಾರ.

ಕಾಡನ್ನು ಉಳಿಸುವ ಮಾತು ಬಂದಾಗಲೆಲ್ಲ ನಮ್ಮ ಮನಸ್ಸಿನಲ್ಲಿ ಒಂದು ಏರ್ಪಾಡು ಮೊದಲೇ ಸಿದ್ಧವಾಗಿರುತ್ತದೆ. ಭೂಮಿ ಸರ್ಕಾರದ್ದು, ಗಡಿ ಗುರುತಿಸುವುದು ಅರಣ್ಯ ಇಲಾಖೆ, ಗಡಿಯೊಳಗೆ ಏನು ಸಲ್ಲುತ್ತದೆ ಏನು ಸಲ್ಲದು ಎಂದು ಹೇಳುವುದು ಅಧಿಸೂಚನೆ. ಒಳಗೆ ಬಾಳುತ್ತಿರುವ ಜನರು ಆ ಅಧಿಸೂಚನೆಯ ಎದುರು ತಮ್ಮ ಹಕ್ಕನ್ನು ಕೇಳುತ್ತ ನಿಂತಿರುತ್ತಾರೆ. 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಅವುಗಳಲ್ಲಿ ಕರ್ನಾಟಕದ ಹತ್ತು ಇದ್ದವು. ಕುದುರೆಮುಖ, ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ, ಆಗುಂಬೆ, ಸೋಮೇಶ್ವರ ಮೊದಲಾದ ಆ ಹತ್ತೂ ಅಷ್ಟರೊಳಗೆ ರಾಷ್ಟ್ರೀಯ ಉದ್ಯಾನವೋ ಅಭಯಾರಣ್ಯವೋ ಮೀಸಲು ಅರಣ್ಯವೋ ಆಗಿದ್ದಂಥವು. ಇಂದು ನಾನು ವಿವರಿಸಲಿರುವ ತಾಣದಲ್ಲಿ ಈ ಏರ್ಪಾಡು ಪೂರ್ತಿ ತಿರುವುಮುರುವಾಗಿದೆ. ಅಲ್ಲಿನ ಕಾಡು, ಸರೋವರ, ಕಡಲತೀರ ಎಲ್ಲವೂ ವಂಶಪರಂಪರೆಯ ಆಧಾರದ ಮೇಲೆ ಅಲ್ಲಿನ ಕುಲಗಳಿಗೆ ಸೇರಿವೆ. ಏನನ್ನಾದರೂ ಮಾಡಬೇಕಿದ್ದರೆ ಸರ್ಕಾರವೇ ಅವರನ್ನು ಕೇಳಬೇಕು.

ಆ ತಾಣದ ಹೆಸರು ಪೂರ್ವ ರೆನೆಲ್. ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳ ದೇಶದ ದಕ್ಷಿಣದ ಅಂಚಿನತ್ತ ಇರುವ ದ್ವೀಪ ರೆನೆಲ್. ಉದ್ದ 86 ಕಿಲೋಮೀಟರ್, ಅಗಲ 15 ಕಿಲೋಮೀಟರ್. ಕಡಲಿನ ಅಡಿಯಲ್ಲಿ ಬೆಳೆದ ಹವಳದ ದಿಬ್ಬವೊಂದು ಭೂಮಿಯ ಚಲನೆಯಿಂದ ನೀರಿನ ಮೇಲಕ್ಕೆ ಎದ್ದು ನಿಂತು ಆದ ದ್ವೀಪವಿದು. ಹೀಗೆ ಮೇಲೆದ್ದ ಹವಳ ದ್ವೀಪಗಳಲ್ಲಿ ಜಗತ್ತಿನಲ್ಲೇ ಅತಿ ದೊಡ್ಡದು. ಹವಳದ ಉಂಗುರದ ನಡುವೆ ಹಿಂದೆ ಕಡಲಿನ ಹಿನ್ನೀರಾಗಿದ್ದ ಭಾಗ ಇಂದು ಟೆಗಾನೊ ಎಂಬ ಸರೋವರವಾಗಿದೆ. 15,500 ಹೆಕ್ಟೇರ್ ಹರಡಿರುವ ಈ ಸರೋವರದ ನೀರು ಅರೆ ಉಪ್ಪು. ಪೆಸಿಫಿಕ್‌ನ ಸಣ್ಣ ದ್ವೀಪಗಳಲ್ಲಿ ಇದಕ್ಕಿಂತ ದೊಡ್ಡ ಸರೋವರ ಇನ್ನೊಂದಿಲ್ಲ. ಸುಣ್ಣಕಲ್ಲಿನ ನಡುಗಡ್ಡೆಗಳಿಂದ ತುಂಬಿದ ಈ ನೀರಿನಲ್ಲಿ ಒಂದು ಜಾತಿಯ ಕಡಲ ಹಾವು ಬದುಕುತ್ತದೆ. ಅದು ಭೂಮಿಯ ಮೇಲೆ ಬೇರೆಲ್ಲಿಯೂ ಕಾಣಸಿಗುವುದಿಲ್ಲ. ಸುತ್ತ ಸರಾಸರಿ 20 ಮೀಟರ್ ಎತ್ತರದ ದಟ್ಟ ಕಾಡು, ಅದರಲ್ಲಿ ಆ ದ್ವೀಪಕ್ಕೇ ಸೀಮಿತವಾದ ಹಕ್ಕಿಗಳು, ಒಂದು ಜಾತಿಯ ಬಾವಲಿ, ಹಲವು ಬಗೆಯ ಬಸವನಹುಳುಗಳು ಇವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕ್ಯಾಟಲೀನಾ ವಿಮಾನಗಳು ಈ ಸರೋವರದ ಮೇಲೆ ಇಳಿಯುತ್ತಿದ್ದವು. ಅವುಗಳಲ್ಲಿ ಕೆಲವು ಈಗಲೂ ತಳದಲ್ಲಿ ಬಿದ್ದಿವೆ. ದ್ವೀಪದ ದಕ್ಷಿಣದ ಮೂರನೆಯ ಒಂದು ಭಾಗ, ಅಂದರೆ ಸುಮಾರು 37,000 ಹೆಕ್ಟೇರ್ ಮತ್ತು ಅದಕ್ಕೆ ತಾಗಿದ ಮೂರು ನಾಟಿಕಲ್ ಮೈಲಿ ಕಡಲು, ಪರಂಪರೆಯ ತಾಣ. ಅದರೊಳಗೆ ನಾಲ್ಕು ಹಳ್ಳಿಗಳಿವೆ. ಪಟ್ಟಿಗೆ ಸೇರಿದ ಹೊತ್ತಿಗೆ ಅಲ್ಲಿ ಪಾಲಿನೇಶಿಯನ್ ಮೂಲದ ಸುಮಾರು 1,200 ಜನರಿದ್ದರು.

1998ರಲ್ಲಿ ಜಪಾನಿನ ಕ್ಯೋಟೊದಲ್ಲಿ ಸೇರಿದ್ದ ವಿಶ್ವ ಪರಂಪರೆ ಸಮಿತಿ ಪೂರ್ವ ರೆನೆಲ್ ಅನ್ನು ಪಟ್ಟಿಗೆ ಸೇರಿಸಿತು. ಸಾಂಪ್ರದಾಯಿಕ ಒಡೆತನ ಮತ್ತು ಸಾಂಪ್ರದಾಯಿಕ ನಿರ್ವಹಣೆಯ ಬಲದ ಮೇಲೆ ಪಟ್ಟಿಗೆ ಸೇರಿದ ಮೊದಲ ನೈಸರ್ಗಿಕ ತಾಣ ಇದು. ಈ ತೀರ್ಮಾನ ಸುಲಭವಾಗಿ ಬಂದದ್ದಲ್ಲ. ನೈಸರ್ಗಿಕ ತಾಣಕ್ಕೆ ದೇಶದ ಕಾನೂನಿನ ರಕ್ಷಣೆ ಇರಲೇಬೇಕು ಎಂಬ ಅಭ್ಯಾಸ ಸಮಿತಿಯಲ್ಲಿ ಬೇರೂರಿತ್ತು. ಕಾಗದದ ಮೇಲೆ ಇಲ್ಲದ, ಹಿರಿಯರ ಬಾಯಲ್ಲಿ ಮತ್ತು ಕುಲದ ನೆನಪಿನಲ್ಲಿ ಇರುವ ಕಟ್ಟಳೆಯನ್ನು ಕಾನೂನಿನ ಸಮಕ್ಕೆ ಇಡಬಹುದೇ ಎಂಬ ಪ್ರಶ್ನೆಗೆ ಸಮಿತಿ ಅಂದು ಹೌದು ಎಂದಿತು. ತತ್ವದ ಮಟ್ಟದಲ್ಲಿ ಅದು ದೊಡ್ಡ ಹೆಜ್ಜೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಜನರನ್ನು ಹೊರಗಟ್ಟಿಯೇ ಕಾಡು ಉಳಿಸಬೇಕು ಎಂಬ ನಂಬಿಕೆಗೆ ಜಾಗತಿಕ ಸಂಸ್ಥೆಯೊಂದು ಅಧಿಕೃತವಾಗಿ ಬೆನ್ನು ತಿರುಗಿಸಿದ್ದು ಸಣ್ಣ ಸಂಗತಿಯಲ್ಲ. ಆದರೆ ಆ ಉತ್ಸಾಹದಲ್ಲಿ ಎರಡು ಬೇರೆ ಬೇರೆ ವಿಷಯಗಳು ಒಂದೇ ಎನ್ನುವಂತೆ ಬೆರೆತುಹೋದವು ಎಂಬುದು ನನ್ನ ವಾದ. ಒಡೆತನದ ಸಂಪ್ರದಾಯ ಒಂದು, ರಕ್ಷಣೆಯ ಸಂಪ್ರದಾಯ ಇನ್ನೊಂದು. ಮೊದಲನೆಯದು ಗಟ್ಟಿಯಾಗಿದೆ ಎಂದಮಾತ್ರಕ್ಕೆ ಎರಡನೆಯದೂ ಗಟ್ಟಿಯಾಗಿದೆ ಎಂದು ಹೇಳಲಾಗದು.

ಇದನ್ನು ತಿಳಿಯಲು ರೆನೆಲ್ ಜನರ ಹಳೆಯ ಧರ್ಮವನ್ನು ಸ್ವಲ್ಪ ನೋಡಬೇಕಾಗುತ್ತದೆ. ರೆನೆಲ್ ಮತ್ತು ಅದರ ನೆರೆಯ ಬೆಲೋನಾ ದ್ವೀಪಗಳ ಮೌಖಿಕ ಪರಂಪರೆಯನ್ನು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ವಿದ್ವಾಂಸರು ವಿಸ್ತಾರವಾಗಿ ಬರೆದಿಟ್ಟಿದ್ದಾರೆ. ಅದರ ಪ್ರಕಾರ ಅಲ್ಲಿ ಇಬ್ಬರು ಮುಖ್ಯ ದೇವರು. ಒಬ್ಬ, ಮನುಷ್ಯರ ಬಾಳು, ಕುಲ, ಕೃಷಿಗಳ ಒಡೆಯ. ಇನ್ನೊಬ್ಬ, ತೆಹೈಂಗಾಆತುವಾ ಎಂಬವನು, ಉಳುಮೆಗೆ ಒಳಪಡದ ಕಾಡು ಮತ್ತು ಕಡಲಿನ ಒಡೆಯ, ಬಿರುಗಾಳಿಯನ್ನು ಕಳುಹಿಸುವವನು. ಕಾಡಿನಿಂದ ಏನನ್ನು ತಂದರೂ ಅದು ಅವನ ಸ್ವತ್ತಿನಿಂದ ತಂದದ್ದು. ಬೆಳೆಯಲ್ಲಿ, ಬೇಟೆಯಲ್ಲಿ, ಮೀನಿನಲ್ಲಿ ದೇವರಿಗೆ ಪಾಲು ಒಪ್ಪಿಸುವ ವಿಧಿಗಳಿದ್ದವು. ಭೂತಾರಾಧನೆಯ ನಾಡಿನಿಂದ ಬಂದ ಕೇಳುಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. 1938ರಲ್ಲಿ ರೆನೆಲ್ ಜನ ಬಹು ಕಡಿಮೆ ಅವಧಿಯಲ್ಲಿ ಸಾಮೂಹಿಕವಾಗಿ ಕ್ರೈಸ್ತ ಮತಕ್ಕೆ ಸೇರಿದರು. ಕಾಡಿನ ದೇವರು ಹೋದ. ಆದರೆ ತಂದೆಯಿಂದ ಮಗನಿಗೆ ಇಳಿದು ಬರುವ ಭೂಮಿಯ ಹಕ್ಕು ಹಾಗೆಯೇ ಉಳಿಯಿತು. ಹೀಗಾಗಿ 1998ರಲ್ಲಿ ಯುನೆಸ್ಕೊ ಮಾನ್ಯ ಮಾಡಿದ ಸಂಪ್ರದಾಯದಲ್ಲಿ, ಯಾರು ತೀರ್ಮಾನಿಸಬೇಕು ಎಂಬುದಕ್ಕೆ ಸ್ಪಷ್ಟ ಉತ್ತರವಿತ್ತು. ಏನನ್ನು ತೀರ್ಮಾನಿಸಬೇಕು ಎಂಬುದಕ್ಕೆ ಹಿಂದಿದ್ದಂತೆ ದೈವದ ಅಂಕೆ ಇರಲಿಲ್ಲ. ಮತಾಂತರವನ್ನು ದೂಷಿಸುವ ಉದ್ದೇಶದಿಂದ ನಾನು ಇದನ್ನು ಹೇಳುತ್ತಿಲ್ಲ. ಸಂಪ್ರದಾಯ ಎಂಬುದು ಬದಲಾಗದೆ ನಿಂತಿರುತ್ತದೆ ಎಂಬ ಊಹೆಯ ಮೇಲೆ ರಕ್ಷಣೆಯ ಯೋಜನೆಯನ್ನು ಕಟ್ಟಲಾಗದು ಎಂಬುದಷ್ಟೇ ನನ್ನ ಮಾತು.

ಇನ್ನು ಒಡೆತನದ ವಿಷಯ. ಸಾಲೊಮನ್ ದ್ವೀಪಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಭೂಮಿ ಸಾಂಪ್ರದಾಯಿಕ ಒಡೆತನದ್ದು. ಬ್ರಿಟಿಷ್ ಆಳ್ವಿಕೆಯ ಕಾಲದಲ್ಲೂ 1978ರ ಸ್ವಾತಂತ್ರ್ಯದ ಬಳಿಕವೂ ಇದು ಹೆಚ್ಚು ಬದಲಾಗಲಿಲ್ಲ. ನಮ್ಮ ಪಹಣಿಯಂಥ ದಾಖಲೆ ಈ ಭೂಮಿಗೆ ಇಲ್ಲ. ಗಡಿಯೆಂದರೆ ಒಂದು ಮರ, ಒಂದು ಬಂಡೆ, ಯಾವುದೋ ಪೂರ್ವಜನ ಹಳೆಯ ತೋಟ. ಮರ ಕಡಿಯುವ ಕಂಪನಿ ಇಂಥ ದೇಶಕ್ಕೆ ಬಂದಾಗ ಅದಕ್ಕೆ ಬೇಕಾದದ್ದು ಸಹಿ. ಅರಣ್ಯ ಸಂಪನ್ಮೂಲದ ಕಾಯ್ದೆಯ ಪ್ರಕಾರ ಕಂಪನಿ ಅರ್ಜಿ ಸಲ್ಲಿಸಿದ ಮೇಲೆ ಪ್ರಾಂತೀಯ ಸರ್ಕಾರ ಸಾರ್ವಜನಿಕ ವಿಚಾರಣೆ ನಡೆಸಿ, ಆ ಕಾಡಿನ ಮರವನ್ನು ಮಾರುವ ಹಕ್ಕು ಯಾರಿಗಿದೆ ಎಂಬುದನ್ನು ನಿರ್ಧರಿಸುತ್ತದೆ. ಒಪ್ಪದವರು ಸಾಂಪ್ರದಾಯಿಕ ಭೂಮಿಯ ಮೇಲ್ಮನವಿ ನ್ಯಾಯಾಲಯಕ್ಕೆ ಹೋಗಬಹುದು. ಓದುವಾಗ ಇದು ನ್ಯಾಯವಾದ ಕ್ರಮದಂತೆಯೇ ಕಾಣುತ್ತದೆ. ನಡೆಯುವ ರೀತಿ ಬೇರೆ. ಇಡೀ ಕುಲದ ಹೆಸರಿನಲ್ಲಿ ನಾಲ್ಕೈದು ಮಂದಿ ಪ್ರತಿನಿಧಿಗಳಾಗಿ ಸಹಿ ಹಾಕುತ್ತಾರೆ. ವಿಚಾರಣೆಯ ಸುದ್ದಿ ದೂರದ ಹಳ್ಳಿಗೆ ತಲುಪುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಮೇಲ್ಮನವಿಗೆ ಹಣ ಬೇಕು, ದೋಣಿ ಬೇಕು, ವಕೀಲರು ಬೇಕು. ದಿಮ್ಮಿಗಳ ರಫ್ತಿನ ಬೆಲೆಯಲ್ಲಿ ಭೂಮಾಲೀಕರಿಗೆ ಸಾಮಾನ್ಯವಾಗಿ ಸಿಗುವುದು ಶೇಕಡಾ 15ರಷ್ಟು ರಾಜಧನ, ಅದೂ ಸಹಿ ಹಾಕಿದವರ ಕೈ ದಾಟಿ ಬರಬೇಕು.

ಸಾಮೂಹಿಕ ಒಡೆತನದ ದೌರ್ಬಲ್ಯ ಎಂದು ಹೊರಗಿನವರು ತೋರಿಸುವುದು ಬಹುಪಾಲು ಈ ಸಹಿಯ ಕಥೆಯನ್ನೇ. ಆದರೆ ಸಹಿಯ ಈ ಪದ್ಧತಿ ಸಂಪ್ರದಾಯದಿಂದ ಹುಟ್ಟಿದ್ದಲ್ಲ. ಎಲ್ಲರೂ ಕೂತು, ಮಾತಾಡಿ, ಒಪ್ಪದವರಿಗಾಗಿ ಕಾದು ತೀರ್ಮಾನಿಸುವ ಕುಲದ ಕ್ರಮಕ್ಕೆ ಕಾಯ್ದೆಯು ಒಂದು ತಾರೀಕನ್ನೂ ಒಂದು ನಮೂನೆಯನ್ನೂ ಹೊರಗಿನಿಂದ ಅಂಟಿಸಿತು. ಹಕ್ಕು ಕುಲದ್ದು, ಗಡುವು ಕಂಪನಿಯದು. ಇಂಥ ಹೊಂದಾಣಿಕೆಯಲ್ಲಿ ಯಾರು ಗೆಲ್ಲುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ.

ಪೂರ್ವ ರೆನೆಲ್‌ನ ಜನ ಬಹಳ ಕಾಲ ಬೇಡ ಎಂದೇ ಹೇಳಿದರು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಆ ನಿರಾಕರಣೆಯ ಹಿಂದೆ ಒಂದು ನಿರೀಕ್ಷೆಯೂ ಇತ್ತು. ಪಟ್ಟಿಗೆ ಸೇರಿಸುವ ಕೆಲಸಕ್ಕೆ ನ್ಯೂಜಿಲೆಂಡ್ ನೆರವು ನೀಡಿತ್ತು. ಪ್ರವಾಸಿಗರು ಬರುತ್ತಾರೆ, ಸರೋವರದ ದಡದ ಅತಿಥಿಗೃಹಗಳಿಂದ ಆದಾಯ ಬರುತ್ತದೆ ಎಂಬ ಮಾತು ಆಗ ಕೇಳಿಬಂದಿತ್ತು. ತಾಣ ಪಟ್ಟಿಗೆ ಸೇರಿದ 1998ರಲ್ಲಿಯೇ ರಾಜಧಾನಿ ಹೊನಿಯಾರಾ ಇರುವ ಗ್ವಾಡಲ್‌ಕೆನಾಲ್ ದ್ವೀಪದಲ್ಲಿ ಜನಾಂಗೀಯ ಸಂಘರ್ಷ ಆರಂಭವಾಯಿತು. 2000ದಲ್ಲಿ ಚುನಾಯಿತ ಸರ್ಕಾರ ಬಂದೂಕಿನ ಬಲದಿಂದ ಬಿತ್ತು. 2003ರಲ್ಲಿ ಆಸ್ಟ್ರೇಲಿಯಾದ ನೇತೃತ್ವದ ಪ್ರಾದೇಶಿಕ ಪಡೆ ಬಂದಿಳಿಯುವವರೆಗೆ ದೇಶಕ್ಕೆ ಪ್ರವಾಸಿಗರ ಮಾತೇ ಇರಲಿಲ್ಲ. ಆ ಬಳಿಕವೂ ರೆನೆಲ್ ತಲುಪುವುದು ಸುಲಭವಾಗಲಿಲ್ಲ. ವಿಮಾನ ಇಳಿಯುವುದು ಪಶ್ಚಿಮದ ಟಿಂಗೋವಾದಲ್ಲಿ. ಅಲ್ಲಿಂದ ಸರೋವರಕ್ಕೆ ಹೋಗುವ ದಾರಿ ಸುಣ್ಣಕಲ್ಲಿನ ಮೇಲಿನ ಹದಗೆಟ್ಟ ರಸ್ತೆ. ಆ ರಸ್ತೆ ಸ್ವಲ್ಪ ಸರಿಯಾದದ್ದು ಮರ ಸಾಗಿಸುವ ಕಂಪನಿಗಳು ಬಂದ ಮೇಲೆ ಎಂಬುದು ಈ ಕಥೆಯ ವ್ಯಂಗ್ಯಗಳಲ್ಲಿ ಒಂದು. ದ್ವೀಪದ ಪಶ್ಚಿಮ ಭಾಗದವರು ಕಾಡು ಮಾರಿ ಹಣ ಪಡೆಯುತ್ತಿದ್ದರು, ಪೂರ್ವದವರು ಕಾಡು ಉಳಿಸಿ ಪ್ರಮಾಣಪತ್ರ ಪಡೆದಿದ್ದರು. ಮಕ್ಕಳ ಶಾಲೆಯ ಶುಲ್ಕ, ಔಷಧ, ಹೊನಿಯಾರಾಕ್ಕೆ ಹಡಗಿನ ಟಿಕೆಟ್ ಎಲ್ಲಕ್ಕೂ ನಗದು ಬೇಕು. ನಗದಿಗಾಗಿ ಜನ ಕಾಡಿನ ತೆಂಗಿನ ಏಡಿಗಳನ್ನು ಹಿಡಿದು ರಾಜಧಾನಿಗೆ ಕಳುಹಿಸತೊಡಗಿದರು. ನಿಧಾನವಾಗಿ ಬೆಳೆಯುವ ಆ ಏಡಿಗಳ ಸಂಖ್ಯೆಯೂ ಆತಂಕದ ವಿಷಯವಾಯಿತು. ಪಟ್ಟಿಯಿಂದ ನಮಗೆ ಬಂದದ್ದೇನು ಎಂಬ ಹಳ್ಳಿಗರ ಪ್ರಶ್ನೆಯನ್ನು ದುರಾಸೆ ಎಂದು ಕರೆಯಲು ನನಗೆ ಮನಸ್ಸು ಬಾರದು.

2013ರಲ್ಲಿ ಯುನೆಸ್ಕೊ ಪೂರ್ವ ರೆನೆಲ್ ಅನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಮುಖ್ಯ ಕಾರಣ ತಾಣದ ಗಡಿಯ ಆಚೆ ಪಶ್ಚಿಮ ರೆನೆಲ್‌ನಲ್ಲಿ ನಡೆಯುತ್ತಿದ್ದ ಮರ ಕಡಿತ. ಗಡಿಯಾಚೆಯದು ಗಡಿಯೊಳಗಿನದಕ್ಕೆ ಹೇಗೆ ಕುತ್ತು ತರುತ್ತದೆ ಎಂದು ಕೇಳಬಹುದು. ಹಕ್ಕಿಗೆ, ಬಾವಲಿಗೆ ಆಡಳಿತದ ಗಡಿ ತಿಳಿಯದು. ಸಣ್ಣ ದ್ವೀಪದ ಕಾಡು ಒಂದು ಕಡೆ ಕುಗ್ಗಿದರೆ ಉಳಿದ ಭಾಗದ ಜೀವಿಗಳ ನೆಲೆಯೂ ಕಿರಿದಾಗುತ್ತದೆ. ಇದಕ್ಕಿಂತ ಕೆಟ್ಟದ್ದು ಹಡಗುಗಳ ಜೊತೆ ಬಂದ ಇಲಿ. ದಿಮ್ಮಿ ಹೇರಲು ಬಂದ ಹಡಗುಗಳ ಮೂಲಕ ಕಪ್ಪು ಇಲಿಗಳು ದ್ವೀಪಕ್ಕೆ ಇಳಿದವು ಎಂಬುದು ತಜ್ಞರ ಅಭಿಪ್ರಾಯ. ಇಂಥ ಶತ್ರುವನ್ನು ಕಾಣದೆ ವಿಕಾಸಗೊಂಡ ಹಕ್ಕಿಗಳ ಗೂಡುಗಳಿಗೂ ಬಸವನಹುಳುಗಳಿಗೂ ಇಲಿ ಎಂಥ ಹಾವಳಿ ತರಬಲ್ಲದು ಎಂಬುದಕ್ಕೆ ಪೆಸಿಫಿಕ್‌ನ ಬೇರೆ ದ್ವೀಪಗಳ ಇತಿಹಾಸವೇ ಸಾಕ್ಷಿ. ಮರ ಕಡಿಯಲು ಸಹಿ ಹಾಕಿದವನು ಇಲಿಗೆ ಸಹಿ ಹಾಕಿರಲಿಲ್ಲ.

ಮರದ ಹಿಂದೆಯೇ ಬಂದದ್ದು ಬಾಕ್ಸೈಟ್. ರೆನೆಲ್‌ನ ಸುಣ್ಣಕಲ್ಲಿನ ತಗ್ಗುಗಳಲ್ಲಿ ಶೇಖರವಾಗಿರುವ ಮಣ್ಣಿನಲ್ಲಿ ಅಲ್ಯೂಮಿನಿಯಂ ಅದಿರಿದೆ ಎಂಬುದು 1970ರ ದಶಕದಲ್ಲಿ ಜಪಾನಿನ ಕಂಪನಿಯೊಂದು ಶೋಧಿಸುತ್ತಿದ್ದ ಕಾಲದಿಂದಲೂ ಗೊತ್ತಿತ್ತು. ಗಣಿಗಾರಿಕೆ ನಿಜವಾಗಿ ಶುರುವಾದದ್ದು 2010ರ ದಶಕದಲ್ಲಿ, ಪಶ್ಚಿಮ ಭಾಗದಲ್ಲಿ. ಕಲ್ಲೇ ತುಂಬಿದ ಈ ದ್ವೀಪದಲ್ಲಿ ಜನ ಬೇಸಾಯ ಮಾಡುವುದೂ ಇಂಥ ಮಣ್ಣಿನ ತಗ್ಗುಗಳಲ್ಲಿಯೇ ಎಂಬುದನ್ನು ನೆನಪಿಡಬೇಕು. ಅದಿರು ಹೋದಲ್ಲಿ ಕೆಸುವಿನ ಗದ್ದೆಗೂ ಗೆಣಸಿನ ಹೊಲಕ್ಕೂ ಉಳಿಯುವುದು ಬರಿ ಕಲ್ಲು. 2019ರ ಫೆಬ್ರುವರಿಯಲ್ಲಿ ಕಂಗಾವಾ ಕೊಲ್ಲಿಯಲ್ಲಿ ಬಾಕ್ಸೈಟ್ ಹೇರಲು ನಿಂತಿದ್ದ ಸಾಲೊಮನ್ ಟ್ರೇಡರ್ ಎಂಬ ಹಡಗು ಬಿರುಗಾಳಿಗೆ ಸಿಲುಕಿ ಹವಳದ ದಿಬ್ಬಕ್ಕೆ ಬಡಿಯಿತು. ಆರಂಭದ ಅಂದಾಜಿನಲ್ಲೇ 80 ಟನ್ ಇಂಧನ ತೈಲ ಕಡಲಿಗೆ ಸೋರಿತ್ತು. ಕೊಲ್ಲಿಯ ಮೀನು ತಿನ್ನಬೇಡಿ ಎಂಬ ಸೂಚನೆ ಹಳ್ಳಿಗಳಿಗೆ ಬಂತು. ಆ ಕೊಲ್ಲಿ ಕೂಡ ಪರಂಪರೆಯ ತಾಣದ ಗಡಿಯ ಹೊರಗಿನದೇ.

ಮೂರನೆಯ ಕುತ್ತಿಗೆ ಯಾರ ಸಹಿಯೂ ಕಾರಣವಲ್ಲ. ಕಡಲ ಮಟ್ಟ ಏರಿದಂತೆ ಬಿರುಕು ಬಿಟ್ಟ ಸುಣ್ಣಕಲ್ಲಿನ ಮೂಲಕ ಟೆಗಾನೊ ಸರೋವರದ ಮಟ್ಟವೂ ಉಪ್ಪೂ ಏರುತ್ತಿವೆ. ದಡದ ಕೆಸುವಿನ ಗುಂಡಿಗಳಿಗೆ ನೀರು ನುಗ್ಗಿದೆ, ತೆಂಗಿನ ಮರಗಳು ಸೊರಗಿವೆ. ದಶಕಗಳ ಹಿಂದೆ ಹೊರಗಿನಿಂದ ತಂದು ಬಿಟ್ಟ ತಿಲಾಪಿಯ, ನಮ್ಮ ಮೀನು ಮಾರುಕಟ್ಟೆಯಲ್ಲಿ ಜಿಲೇಬಿ ಎನ್ನುತ್ತೇವಲ್ಲ ಅದೇ ಮೀನು, ಇಂದು ಸರೋವರದ ಜನರ ದಿನನಿತ್ಯದ ಊಟ. ಅದು ಹೊರಗಿನ ಜಾತಿ ಎಂದು ಜೀವವಿಜ್ಞಾನಿಗಳು ಆಕ್ಷೇಪಿಸುವುದು ಸರಿ. ಅದನ್ನು ತೆಗೆದರೆ ತಟ್ಟೆಗೆ ಏನು ಬೀಳುತ್ತದೆ ಎಂಬ ಪ್ರಶ್ನೆಯೂ ಅಷ್ಟೇ ಸರಿ.

ಹಾಗಾದರೆ ಸಾಂಪ್ರದಾಯಿಕ ಒಡೆತನದ ಅಡಿಯಲ್ಲಿ ರಕ್ಷಣೆ ಸಾಧ್ಯವೇ ಇಲ್ಲವೇ? ಉತ್ತರಕ್ಕೆ ಅದೇ ದೇಶದ ಇನ್ನೊಂದು ಮೂಲೆಗೆ ಹೋಗೋಣ. ಇಸಬೆಲ್ ಮತ್ತು ಚೋಯಿಸುಲ್ ದ್ವೀಪಗಳ ನಡುವೆ ಅರ್ನವಾನ್ ಎಂಬ ಪುಟ್ಟ ದ್ವೀಪಗಳಿವೆ. ಗಿಡುಗಮೂತಿಯ ಕಡಲಾಮೆಗಳು ಮೊಟ್ಟೆಯಿಡುವ ಮುಖ್ಯ ತಾಣಗಳಲ್ಲಿ ಅದೊಂದು. ಸರ್ಕಾರ ಅಲ್ಲಿ ಮೊದಲ ಬಾರಿ ರಕ್ಷಿತ ತಾಣ ಮಾಡಹೊರಟಾಗ, ತಮ್ಮ ಹಕ್ಕನ್ನು ಕಡೆಗಣಿಸಲಾಗಿದೆ ಎಂದು ಮುನಿದವರು 1982ರಲ್ಲಿ ಅಲ್ಲಿನ ಕಟ್ಟಡಕ್ಕೆ ಬೆಂಕಿಯಿಟ್ಟರು. ಸುತ್ತಲಿನ ಕಿಯಾ, ವಾಘೇನಾ ಮತ್ತು ಕಾತುಪಿಕಾ ಎಂಬ ಮೂರು ಸಮುದಾಯಗಳು ವರ್ಷಗಟ್ಟಲೆ ಮಾತುಕತೆ ನಡೆಸಿ 1995ರಲ್ಲಿ ಒಪ್ಪಂದಕ್ಕೆ ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಕಾವಲುಗಾರರನ್ನು ಆ ಮೂರೂ ಸಮುದಾಯಗಳಿಂದಲೇ ಆರಿಸಿದರು, ಅವರಿಗೆ ಸಂಬಳ ಕೊಟ್ಟರು. ಆಮೆಗಳ ಗೂಡುಗಳು ಹೆಚ್ಚಿದವು. 2017ರಲ್ಲಿ ಅದು 2010ರ ರಕ್ಷಿತ ಪ್ರದೇಶಗಳ ಕಾಯ್ದೆಯಡಿ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಚೋಯಿಸುಲ್‌ನ ಸಿರೆಬೆ ಕುಲದವರು ತಮ್ಮ ಕಾಡನ್ನು ಅದೇ ಕಾಯ್ದೆಯಡಿ ಘೋಷಿಸಿಕೊಂಡು, ಕಡಿಯದೆ ಉಳಿಸಿದ ಕಾಡು ಹಿಡಿದಿಟ್ಟುಕೊಂಡ ಇಂಗಾಲದ ಲೆಕ್ಕವನ್ನು, ಅಂದರೆ ಕಾರ್ಬನ್ ಕ್ರೆಡಿಟ್‌ಗಳನ್ನು, ಮಾರಿ ಆದಾಯ ಪಡೆಯುತ್ತಿದ್ದಾರೆ. ಇಂಗಾಲದ ಮಾರುಕಟ್ಟೆಯ ಬಗ್ಗೆ ನನಗೆ ಆಕ್ಷೇಪಗಳಿವೆ, ಅದು ಬೇರೆ ಉಪನ್ಯಾಸದ ವಿಷಯ. ಆದರೆ ಬೇಡ ಎಂದವನಿಗೂ ಏನಾದರೂ ಸಿಗುವ ಏರ್ಪಾಡು ಅಲ್ಲಿ ಇದೆ, ಪೂರ್ವ ರೆನೆಲ್‌ನಲ್ಲಿ ಅದು ಇರಲಿಲ್ಲ.

2010ರ ಆ ಕಾಯ್ದೆ ನನಗೆ ಮಹತ್ವದ್ದಾಗಿ ಕಾಣುವುದು ಅದರ ಕ್ರಮದಿಂದಾಗಿ. ಮಾಲೀಕರ ಒಪ್ಪಿಗೆ, ಗಡಿಯ ಬಗ್ಗೆ ನೆರೆಯವರ ಒಪ್ಪಿಗೆ, ನಿರ್ವಹಣೆಯ ಯೋಜನೆ, ಸ್ಥಳೀಯ ಸಮಿತಿ ಇವೆಲ್ಲ ಆದ ಮೇಲೆಯೇ ಘೋಷಣೆ. ಘೋಷಣೆಯಾದ ಬಳಿಕ ವಾಣಿಜ್ಯ ಮರ ಕಡಿತಕ್ಕೂ ಗಣಿಗೂ ಅಲ್ಲಿ ಎಡೆಯಿಲ್ಲ. ಅಂದರೆ ಕುಲದ ತೀರ್ಮಾನಕ್ಕೆ ದೇಶದ ಕಾನೂನು ಬೆನ್ನಾಗಿ ನಿಲ್ಲುತ್ತದೆ. ನಾಳೆ ನಾಲ್ವರು ಬೇರೆ ಕಾಗದಕ್ಕೆ ಸಹಿ ಹಾಕಿದರೂ ಅದು ಸಲ್ಲುವುದಿಲ್ಲ. ಪೂರ್ವ ರೆನೆಲ್‌ಗೆ ಸಂಪ್ರದಾಯದ ಮಾನ್ಯತೆ ಮೊದಲು ಬಂತು, ಈ ಬೆನ್ನು ಬರಲಿಲ್ಲ.

ನಮ್ಮ ನಾಡಿನತ್ತ ಒಂದು ಕ್ಷಣ ತಿರುಗಿದರೆ ಇದರ ಇನ್ನೊಂದು ಮುಖ ಕಾಣುತ್ತದೆ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಕಾಡಿನ ದೇವರು ಇನ್ನೂ ಇದ್ದಾನೆ. ಕೊಡಲಿ ಒಳಗೆ ಹೋಗಬಾರದು ಎಂಬ ಕಟ್ಟು ಹಲವು ಊರುಗಳಲ್ಲಿ ಇನ್ನೂ ನಡೆಯುತ್ತದೆ, ವರ್ಷಕ್ಕೊಮ್ಮೆ ಹಬ್ಬವೂ ನಡೆಯುತ್ತದೆ. ಆದರೆ ಭೂಮಿ ಕಾಗದದಲ್ಲಿ ಸರ್ಕಾರದ್ದು. ಒಂದು ಕಾಲದಲ್ಲಿ ಕಂದಾಯ ಇಲಾಖೆ, ಇನ್ನೊಂದು ಕಾಲದಲ್ಲಿ ಅರಣ್ಯ ಇಲಾಖೆ ಎಂದು ಅದು ಕೈ ಬದಲಾಯಿಸುತ್ತ ಬಂದಿದೆ, ಆ ನಡುವೆ ಒತ್ತುವರಿಗೂ ತುತ್ತಾಗಿದೆ. ರೆನೆಲ್‌ನಲ್ಲಿ ಒಡೆತನ ಉಳಿದು ರಕ್ಷಣೆಯ ಕಟ್ಟು ಸಡಿಲವಾಯಿತು. ಕೊಡಗಿನಲ್ಲಿ ಕಟ್ಟು ಉಳಿದು ಒಡೆತನ ಹೋಯಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸಮುದಾಯದ ಹಕ್ಕುಪತ್ರಗಳು ದೊರೆತವು. ಆ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ. ಅಂಥ ಕಡೆ ಗ್ರಾಮಸಭೆಗಳಿಗೆ ಈ ಹಕ್ಕು ಸಿಕ್ಕಿದ್ದು ದೊಡ್ಡ ಸಂಗತಿಯೇ. ಆದರೂ ಅದು ಬಳಕೆಯ ಮತ್ತು ನಿರ್ವಹಣೆಯ ಹಕ್ಕು, ರೆನೆಲ್ ಕುಲಗಳಿಗಿರುವಂಥ ಒಡೆತನವಲ್ಲ.

ಉಪನ್ಯಾಸದ ಕೊನೆಯಲ್ಲಿ ಸಭಿಕರೊಬ್ಬರು, ಸಾಲೊಮನ್ ಸರ್ಕಾರ ಆ ಭೂಮಿಯನ್ನು ಕೊಂಡುಕೊಂಡು ಉದ್ಯಾನ ಮಾಡಿಬಿಟ್ಟರೆ ಸಮಸ್ಯೆ ಮುಗಿಯುವುದಿಲ್ಲವೇ ಎಂದು ಕೇಳಿದರು. ಕೊಳ್ಳಲು ಹಣವಿಲ್ಲ ಎಂಬುದು ಚಿಕ್ಕ ಉತ್ತರ. ಮರದ ರಫ್ತಿನ ಸುಂಕವನ್ನು ದಶಕಗಳ ಕಾಲ ಬಹುವಾಗಿ ನೆಚ್ಚಿಕೊಂಡಿದ್ದ ಸರ್ಕಾರವೊಂದು ಮಾಲೀಕನಾದರೆ ಕಾಡು ಹೆಚ್ಚು ಸುರಕ್ಷಿತವಾಗುತ್ತದೆ ಎಂದು ನಂಬಲು ಕಾರಣವಿಲ್ಲ ಎಂಬುದು ಇನ್ನೊಂದು ಉತ್ತರ. ಪಶ್ಚಿಮ ರೆನೆಲ್‌ನಲ್ಲಿ ಮರಕ್ಕೂ ಗಣಿಗೂ ಪರವಾನಗಿ ಕೊಟ್ಟದ್ದು ಸರ್ಕಾರವೇ. ಪೂರ್ವದಲ್ಲಿ ಕಾಡು ಇಷ್ಟಾದರೂ ಉಳಿದಿರುವುದು ಪರವಾನಗಿಯ ಜೊತೆಗೆ ಕುಟುಂಬಗಳ ಒಪ್ಪಿಗೆಯೂ ಬೇಕಾಗಿರುವುದರಿಂದ, ಮತ್ತು ಅಲ್ಲಿನ ಹಲವು ಕುಟುಂಬಗಳು ಅದನ್ನು ಕೊಡದೆ ಇದ್ದುದರಿಂದ. ಆಗಬೇಕಾದ ಕೆಲಸ ನೋಡಲು ಸಾಮಾನ್ಯವಾದದ್ದು: ಯಾವ ಕುಟುಂಬದ ಭೂಮಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ನಾಲ್ಕು ಹಳ್ಳಿಗಳವರೂ ಪಶ್ಚಿಮದ ನೆರೆಯವರೂ ಕೂತು ಒಪ್ಪಿಕೊಳ್ಳಬೇಕು, ಬಂದರಿನಲ್ಲಿ ಇಲಿಗಳ ತಪಾಸಣೆಗೆ ಜನ ಬೇಕು, ಕಾಯುವ ಕೆಲಸಕ್ಕೆ ಸಂಬಳ ಬೇಕು. ಅರ್ನವಾನ್‌ನಲ್ಲಿ ಒಪ್ಪಂದದಿಂದ ರಾಷ್ಟ್ರೀಯ ಉದ್ಯಾನದ ಘೋಷಣೆಯವರೆಗೆ 22 ವರ್ಷ ಹಿಡಿಯಿತು. ಎರಡು ಮೂರು ವರ್ಷದ ಯೋಜನೆಗೆ ಹಣ ಕೊಟ್ಟು ವರದಿ ಕೇಳುವ ದಾನಿ ಸಂಸ್ಥೆಗಳು ಅಷ್ಟು ಕಾಲ ನಿಲ್ಲಲು ಸಿದ್ಧವಿರಬೇಕಾಗುತ್ತದೆ.